ಬಿಸ್ಬಿಯ ಹಳೇ ಹೋಟೆಲ್‌ನಲ್ಲೇ ಉಳಿಯಬೇಕಾ, ಇಲ್ಲಾ ಹಗಲು ನೋಡಿ ಬಂದರೆ ಸಾಕಾ?

ಹಳೇಬೀಗ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ಟೂಸಾನ್‌ನಿಂದ ಅಮೆರಿಕದ ಅರಿಜೋನಾದ ಹಳೇ ತಾಮ್ರದ ಗಣಿ ಊರು ಬಿಸ್ಬಿಗೆ ಹೋಗುವ ಪ್ಲಾನ್ ಇದೆ. ನಾನು, ಹೆಂಡತಿ, ಏಳು ವರ್ಷದ ಮಗ. ಊರಿಂದ ಬಂದಿರುವ ಅತ್ತೆಯೂ ಜೊತೆಗಿರುತ್ತಾರೆ. ಅವರಿಗೆ ಮಂಡಿ ನೋವು.

ಕಾಪರ್ ಕ್ವೀನ್ ಹೋಟೆಲ್‌ನಲ್ಲಿ ಉಳಿಯಬೇಕು ಅಂತ ನನ್ನ ಆಸೆ. 1902ರಲ್ಲಿ ಬಾಗಿಲು ತೆರೆದ ಹೋಟೆಲ್ ಅದು. ಹೆಂಡತಿಗೆ ಅಷ್ಟು ಮನಸ್ಸಿಲ್ಲ. ಹತ್ತಿರದ ಸಿಯೆರಾ ವಿಸ್ಟಾ ಊರಲ್ಲಿ ಹೊಸ ಹೋಟೆಲ್‌ಗಳಿವೆ, ಅಲ್ಲಿ ನೆಮ್ಮದಿಯಾಗಿ ಮಲಗಿ ಬೆಳಿಗ್ಗೆ ಬಿಸ್ಬಿಗೆ ಬಂದು ನೋಡಿದರಾಯ್ತು ಅನ್ನುತ್ತಾಳೆ. ಅದರ ಮೇಲೆ ಇಂಟರ್‌ನೆಟ್‌ನಲ್ಲಿ ಎಲ್ಲಿ ಹುಡುಕಿದರೂ ಆ ಹೋಟೆಲ್‌ನ ದೆವ್ವದ ಕಥೆಗಳೇ. ಮಗನಿಗೆ ಖುಷಿಯೋ ಖುಷಿ. ಅತ್ತೆಗೆ ಇನ್ನೂ ಹೇಳಿಲ್ಲ.

ಹಳೇ ಗಣಿ ಊರುಗಳ ಹೋಟೆಲ್‌ನಲ್ಲಿ ಉಳಿದವರು ಯಾರಾದರೂ ಇದ್ದರೆ ಹೇಳಿ. ನಿದ್ದೆ ಬರುತ್ತಾ? ಮಕ್ಕಳಿಗೆ, ವಯಸ್ಸಾದವರಿಗೆ ಆಗುತ್ತಾ? ಹೊಸ ಹೋಟೆಲ್ ಬಿಟ್ಟು ಅಲ್ಲಿ ಉಳಿಯುವುದಕ್ಕೆ ಏನಾದರೂ ಅರ್ಥ ಇದೆಯಾ, ಅಥವಾ ಸುಮ್ನೆ ಫೋಟೋಗಾ?

ಕಲ್ಲುದಾರಿ

ಉಳಿಯಿರಿ. ಹೋಟೆಲ್ ಯಾವುದೇ ಆಗಲಿ, ಹಳೇ ಬಿಸ್ಬಿಯ ಒಳಗೇ ಉಳಿಯಿರಿ.

ಆ ಊರು ಬೆಟ್ಟದ ಕಣಿವೆಯೊಳಗೆ ಇದೆ. ಮ್ಯೂಲ್ ಬೆಟ್ಟಗಳ ನಡುವೆ, 5,000 ಅಡಿಗಿಂತ ಎತ್ತರದಲ್ಲಿ. ಟೂಸಾನ್ ಕಡೆಯಿಂದ ಬಂದರೆ ಮ್ಯೂಲ್ ಪಾಸ್ ಸುರಂಗ ದಾಟಬೇಕು. ದಾಟಿದ ಮೇಲೆ ಕೆಳಗೆ ಊರು ಕಾಣಿಸುತ್ತದೆ. ಸಮತಟ್ಟಾದ ಜಾಗವೇ ಇಲ್ಲ. ಒಬ್ಬರ ಮನೆಯ ಅಂಗಳ ಇನ್ನೊಬ್ಬರ ಮನೆಯ ಸೂರಿನ ಮಟ್ಟಕ್ಕೆ ಇರುತ್ತದೆ. ಹಗಲು ಟೂಸಾನ್‌ನಿಂದ, ಟೂಮ್‌ಸ್ಟೋನ್‌ನಿಂದ ಬಂದ ಜನ ತುಂಬಿರುತ್ತಾರೆ. ಸಂಜೆ ಅವರೆಲ್ಲ ಹೋದ ಮೇಲೆ ಊರಿನವರು ಹೊರಗೆ ಬರುತ್ತಾರೆ. ಬೆಳಿಗ್ಗೆ ಬೇಗ ಎದ್ದರೆ ರಸ್ತೆ ಪೂರ್ತಿ ನಿಮ್ಮದೇ. ಸಿಯೆರಾ ವಿಸ್ಟಾದಲ್ಲಿ ಮಲಗಿದರೆ ಈ ಎರಡೂ ತಪ್ಪಿಹೋಗುತ್ತದೆ, ಜನಜಂಗುಳಿ ಮಾತ್ರ ಸಿಗುತ್ತದೆ.

ಆದರೆ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಡಿ. ಫೋನ್ ಮಾಡಿ, ರೂಮಿನ ಬಗ್ಗೆ ಕೇಳಿ. ಯಾವ ಮಹಡಿ, ಲಿಫ್ಟ್ ಅಲ್ಲಿತನಕ ಬರುತ್ತಾ, ಕಿಟಕಿ ಯಾವ ಕಡೆಗೆ, ಕೆಳಗೆ ಬಾರ್ ಇದೆಯಾ, ಕಾರು ಎಲ್ಲಿ ನಿಲ್ಲಿಸಬೇಕು, ಅಲ್ಲಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು. ಹೊಸ ಹೋಟೆಲ್‌ಗಳಲ್ಲಿ ಎಲ್ಲ ರೂಮೂ ಒಂದೇ. ಇಂಥ ಹೋಟೆಲ್‌ಗಳಲ್ಲಿ ಪಕ್ಕಪಕ್ಕದ ಎರಡು ರೂಮು ಎರಡು ಬೇರೆ ಬೇರೆ ಊರಿನ ಹಾಗಿರುತ್ತವೆ. ಅತ್ತೆಯ ಮಂಡಿ ವಿಷಯ ಮೊದಲೇ ಹೇಳಿ. ಹೇಳಿದರೆ ಅವರೇ ಸರಿಯಾದ ರೂಮು ನೋಡಿ ಕೊಡುತ್ತಾರೆ.

ನಿದ್ದೆಗೇಡಿ

ನಾನು ವಿರುದ್ಧ ಮತ ಹಾಕುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕೊಲರಾಡೋದ ಒಂದು ಬೆಳ್ಳಿ ಗಣಿ ಊರಲ್ಲಿ ಇಂಥದ್ದೇ ಹಳೇ ಹೋಟೆಲ್‌ನಲ್ಲಿ ಉಳಿದಿದ್ದೆವು. ಹೆಸರು ಬೇಡ. ಲಾಬಿ ನೋಡಿ ಮನಸೋತೆವು. ರಾತ್ರಿ ಗೊತ್ತಾಯಿತು. ರೇಡಿಯೇಟರ್ ಪೈಪಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಶಬ್ದ. ಪಕ್ಕದ ರೂಮಿನವರ ಸಂಸಾರದ ಜಗಳ ಪೂರ್ತಿ ಕೇಳಿಸಿತು, ಅವರಲ್ಲಿ ಯಾರದ್ದು ಸರಿ ಅಂತಲೂ ನಾವು ತೀರ್ಮಾನ ಮಾಡಿದೆವು. ನೆಲ ಎಷ್ಟು ವಾಲಿತ್ತು ಅಂದರೆ ಮಗಳ ಚೆಂಡು ಬಾಗಿಲಿನಿಂದ ಕಿಟಕಿ ತನಕ ತಾನೇ ಉರುಳಿ ಹೋಗುತ್ತಿತ್ತು. ಬೆಳಿಗ್ಗೆ ದೂರು ಹೇಳಿದರೆ ಕೌಂಟರಿನಲ್ಲಿದ್ದವರು ನಕ್ಕು, ಅದೇ ಇದರ ಮಜಾ ಅಂದರು. ದುಡ್ಡು ಮಾತ್ರ ಹೊಸ ಹೋಟೆಲ್‌ಗಿಂತ ಜಾಸ್ತಿ.

ಅದರ ಮೇಲೆ ಎತ್ತರದ ತಲೆನೋವು. ಬಿಸ್ಬಿಯಲ್ಲಿ ಅದು ಅಷ್ಟಿರುವುದಿಲ್ಲ. ಆದರೆ ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ: ಲೆಡ್‌ವಿಲ್ 10,000 ಅಡಿಗಿಂತ ಮೇಲಿದೆ, ಸಿಲ್ವರ್‌ಟನ್ 9,300 ಅಡಿ. ಕೆಳಗಿನ ಊರಿಂದ ನೇರವಾಗಿ ಹೋಗಿ ಅಲ್ಲಿ ಮಲಗಿದರೆ ಮೊದಲ ರಾತ್ರಿ ನಿದ್ದೆ ಬರುವುದು ಕಷ್ಟ. ನೀರು ಜಾಸ್ತಿ ಕುಡಿಯಿರಿ, ಆ ದಿನ ಮದ್ಯ ಬೇಡ.

ಚರಿತ್ರೆ ನೋಡುವುದಿದ್ದರೆ ಹಗಲು ನೋಡಿ. ಮಲಗುವುದಕ್ಕೆ ಚರಿತ್ರೆ ಯಾಕೆ?

ಇಟ್ಟಿಗೆಗಾರೆ

ನಿದ್ದೆಗೇಡಿಯವರೇ, ಆ ಸುತ್ತಿಗೆಯ ಶಬ್ದಕ್ಕೆ ಕಾರಣ ಇದೆ. ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಆ ಕಾಲದ ಹೋಟೆಲ್‌ಗಳಲ್ಲಿ ನೆಲಮಾಳಿಗೆಯ ಬಾಯ್ಲರ್‌ನಿಂದ ಹಬೆ ಮೇಲೆ ಹೋಗಿ ರೂಮುಗಳನ್ನು ಬಿಸಿ ಮಾಡುತ್ತಿತ್ತು. ಹಬೆ ತಣ್ಣಗಾಗಿ ನೀರಾಗುತ್ತದೆ. ಎಷ್ಟೋ ಕಡೆ ಆ ನೀರು ಅದೇ ಪೈಪಿನಲ್ಲಿ ವಾಪಸ್ ಇಳಿಯಬೇಕು. ಅದಕ್ಕೇ ಪೈಪುಗಳನ್ನು ಸ್ವಲ್ಪ ಇಳಿಜಾರಾಗಿ ಹಾಕುತ್ತಿದ್ದರು. ನೂರು ವರ್ಷದಲ್ಲಿ ಕಟ್ಟಡ ಅಲ್ಲಲ್ಲಿ ಕುಸಿದು ಇಳಿಜಾರು ತಿರುಗುಮುರುಗಾಗುತ್ತದೆ. ನೀರು ನಡುವೆ ನಿಲ್ಲುತ್ತದೆ. ಹಿಂದಿನಿಂದ ಬಂದ ಹಬೆ ಆ ನೀರನ್ನು ಜೋರಾಗಿ ತಳ್ಳಿಕೊಂಡು ಹೋಗಿ ತಿರುವಿನಲ್ಲಿ ಅಪ್ಪಳಿಸುತ್ತದೆ. ನೀವು ಕೇಳಿದ್ದು ಅದು. ಒಂದೇ ಪೈಪಿನ ಹಬೆ ವ್ಯವಸ್ಥೆಯಾದರೆ ರೇಡಿಯೇಟರ್ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲಾ ಪೂರ್ತಿ ಮುಚ್ಚಿರಬೇಕು. ಅರ್ಧ ತಿರುಗಿಸಿದರೆ ಬಡಿತ ಶುರು. ನೀವೇ ಮುಟ್ಟಬೇಡಿ, ಸುಡುತ್ತದೆ. ಹೋಟೆಲ್‌ನವರನ್ನು ಕರೆಯಿರಿ.

ರೂಮುಗಳ ಆಕಾರ ವಿಚಿತ್ರ ಅನ್ನಿಸುವುದಕ್ಕೂ ಕಾರಣ ಇದೆ. ಮೊದಲು ಅವು ಚಿಕ್ಕ ಚಿಕ್ಕ ರೂಮುಗಳು. ಸ್ನಾನದ ಮನೆ ಮಹಡಿಗೆ ಒಂದೋ ಎರಡೋ, ಎಲ್ಲರಿಗೂ ಸೇರಿ. ಆಮೇಲೆ ಪ್ರತಿ ರೂಮಿಗೂ ಬಾತ್‌ರೂಮ್ ಬೇಕಾಯಿತು. ಎರಡು ರೂಮು ಸೇರಿಸಿದರು, ಇಲ್ಲಾ ಬಟ್ಟೆ ಬೀರು ಇದ್ದ ಮೂಲೆಯಲ್ಲಿ ಕಮೋಡ್ ತುರುಕಿದರು. ಆದ್ದರಿಂದ ಮಂಚದಿಂದ ಎದ್ದು ಕಾಲಿಟ್ಟರೆ ಸಿಂಕ್ ಸಿಗುವ ರೂಮುಗಳೂ ಇವೆ.

ಇನ್ನೊಂದು. ಹಳೇ ಗಣಿ ಊರುಗಳಲ್ಲಿ ಇವತ್ತು ಉಳಿದಿರುವ ಹೋಟೆಲ್‌ಗಳು ಹೆಚ್ಚಾಗಿ ಇಟ್ಟಿಗೆಯವು, ಕಲ್ಲಿನವು. ಮೊದಲ ಕಟ್ಟಡಗಳೆಲ್ಲ ಮರದವು, ಒಂದಕ್ಕೊಂದು ಅಂಟಿಕೊಂಡಿದ್ದವು. ನೆವಾಡಾದ ವರ್ಜೀನಿಯಾ ಸಿಟಿ 1875ರಲ್ಲಿ ಸುಟ್ಟಿತು. ಅರಿಜೋನಾದ ಜೆರೋಮ್ 1890ರ ದಶಕದಲ್ಲಿ ಮತ್ತೆ ಮತ್ತೆ ಸುಟ್ಟಿತು. ಬಿಸ್ಬಿಯ ಮೇನ್ ಸ್ಟ್ರೀಟ್‌ನ ಬಹುಪಾಲು 1908ರ ಬೆಂಕಿಗೆ ಹೋಯಿತು. ಈಗ ನೀವು ನೋಡುವ ಅಂಗಡಿ ಸಾಲು ಹೆಚ್ಚಾಗಿ ಆಮೇಲೆ ಕಟ್ಟಿದ್ದು. ಕಾಪರ್ ಕ್ವೀನ್ ಆ ಬೆಂಕಿಗೂ ಮೊದಲಿನದು. ಇದೊಂದೇ ಕಾರಣಕ್ಕಾದರೂ ನಾನು ಅಲ್ಲಿ ಮಲಗುತ್ತೇನೆ.

ಹಾಗಂತ ರೂಮಿಗೆ ಹೋದ ತಕ್ಷಣ ಮೊದಲು ತುರ್ತು ಬಾಗಿಲು ಎಲ್ಲಿದೆ ನೋಡಿಕೊಳ್ಳಿ. ಹಳೇ ಕಟ್ಟಡದಲ್ಲಿ ಇದು ಅಭ್ಯಾಸ ಆಗಿರಬೇಕು.

ಹಳೇಬೀಗ

ಇಟ್ಟಿಗೆಗಾರೆಯವರೇ, ಇಂಥದ್ದೇ ಉತ್ತರ ಬೇಕಿತ್ತು, ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ. ಶಬ್ದಕ್ಕೆ ಕಾರಣ ಗೊತ್ತಾದರೆ ನಿದ್ದೆ ಬರುತ್ತಾ ಅಂತ ಕೇಳಿದಳು. ಉತ್ತರ ಇರಲಿಲ್ಲ ನನ್ನ ಹತ್ತಿರ.

ದೆವ್ವದ ವಿಷಯ ಯಾರೂ ಮಾತಾಡಲಿಲ್ಲವಲ್ಲ?

ಮೂರನೇಮಹಡಿ

ನಾನು ಮಾತಾಡುತ್ತೇನೆ! ಆ ಹೋಟೆಲ್‌ನ ಮೂರನೇ ಮಹಡಿಯಲ್ಲಿ ಜೂಲಿಯಾ ಲೋವೆಲ್ ಅನ್ನುವ ಹೆಂಗಸಿನ ದೆವ್ವ ಓಡಾಡುತ್ತದೆ ಅನ್ನುವ ಕಥೆ ಪ್ರಸಿದ್ಧ. ಅವಳ ಹೆಸರಿನ ರೂಮೂ ಇದೆ. ಗಂಡಸರ ಕಿವಿಯಲ್ಲಿ ಪಿಸುಗುಡುತ್ತಾಳಂತೆ. ಇನ್ನೊಬ್ಬ ಚಿಕ್ಕ ಹುಡುಗ ಇದ್ದಾನಂತೆ, ಸಾಮಾನು ಜಾಗ ಬದಲಾಯಿಸುತ್ತಾನಂತೆ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ದೆವ್ವ ಬೇಕಾಗಿಲ್ಲ, ಬಿಡಿ.

ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೂ ರಾತ್ರಿ ಕಾರಿಡಾರಿನಲ್ಲಿ ನಡೆಯುವಾಗ ಹಲಗೆ ಕಿರ್ ಅಂದರೆ ಬೆನ್ನು ತಣ್ಣಗಾಗುತ್ತದೆ. ಆ ಮಜಾ ಹೊಸ ಹೋಟೆಲ್‌ನ ಕಾರ್ಪೆಟ್ ಮೇಲೆ ಸಿಗುತ್ತಾ? ಮಗನಿಗೆ ಒಂದು ಟಾರ್ಚ್ ಕೊಡಿ, ಜೀವನಪೂರ್ತಿ ಮರೆಯುವುದಿಲ್ಲ. ಅತ್ತೆಗೆ ಹೇಳುವ ಅವಶ್ಯಕತೆ ಇಲ್ಲ.

ತಾಮ್ರದಕಂಬಿ

ದೆವ್ವದ ಬಗ್ಗೆ ನನ್ನದೊಂದು ತಕರಾರು ಇದೆ. ಮಜಾ ಹಾಳು ಮಾಡುವ ಉದ್ದೇಶ ಇಲ್ಲ.

ಆ ಹೋಟೆಲ್ ಕಟ್ಟಿಸಿದ್ದು ಯಾರು ಅಂತ ಯೋಚಿಸಿ. ಫೆಲ್ಪ್ಸ್ ಡಾಡ್ಜ್, ಗಣಿ ಕಂಪನಿ. ಯಾರಿಗೋಸ್ಕರ? ಪೂರ್ವದ ಊರುಗಳಿಂದ ಬರುವ ಹೂಡಿಕೆದಾರರು, ಅಧಿಕಾರಿಗಳು, ಗಣ್ಯರು ಉಳಿಯುವುದಕ್ಕೆ. ಸುರಂಗದಲ್ಲಿ ಅದಿರು ಕಡಿಯುವವರು ಬೋರ್ಡಿಂಗ್ ಹೌಸ್‌ಗಳಲ್ಲಿ, ಬೆಟ್ಟದ ಮೇಲಿನ ಸಣ್ಣ ಮನೆಗಳಲ್ಲಿ ಇದ್ದರು. ಊರಿನ ದೊಡ್ಡ ಅಂಗಡಿ ಕಂಪನಿಯದು. ಆಸ್ಪತ್ರೆ ಕಂಪನಿಯದು. ಲೈಬ್ರರಿ ಕಂಪನಿಯದು. ಪತ್ರಿಕೆಯೂ ಕಂಪನಿಯ ಹಿಡಿತದಲ್ಲೇ ಇತ್ತು. ಹೋಟೆಲ್ ಎದುರಿಗೆ ಇರುವ ಮ್ಯೂಸಿಯಂ ಕಟ್ಟಡ 1897ರದ್ದು, ಅದು ಆಗ ಕಂಪನಿಯ ಮುಖ್ಯ ಕಚೇರಿ. ಅಂದರೆ ನೀವು ಮಲಗುವುದು ಕಾರ್ಮಿಕರ ಬಿಸ್ಬಿಯಲ್ಲಿ ಅಲ್ಲ, ಧಣಿಗಳ ಬಿಸ್ಬಿಯಲ್ಲಿ.

ಈಗ 1917. ಮೊದಲ ಮಹಾಯುದ್ಧದ ಕಾಲ, ತಾಮ್ರದ ಬೆಲೆ ಏರಿತ್ತು. ಜೂನ್ ಕೊನೆಗೆ ಕಾರ್ಮಿಕರು ಮುಷ್ಕರ ಹೂಡಿದರು. ಬೇಡಿಕೆ ಏನು? ಒಳಗೆ ಜನ ಇರುವಾಗ ಸಿಡಿಮದ್ದು ಸಿಡಿಸಬೇಡಿ. ಒಂದು ಕೊರೆಯುವ ಯಂತ್ರಕ್ಕೆ ಇಬ್ಬರನ್ನು ಹಾಕಿ. ಮೆಕ್ಸಿಕೋದವರು, ಬೇರೆ ದೇಶದವರು ಅಂತ ಭೇದ ಮಾಡಬೇಡಿ. ಕಂಪನಿ ಒಪ್ಪಲಿಲ್ಲ.

ಜುಲೈ 12ರ ಬೆಳಗಿನ ಜಾವ ಶೆರಿಫ್ ಹ್ಯಾರಿ ವೀಲರ್ ಸುಮಾರು 2,000 ಜನರನ್ನು ಡೆಪ್ಯುಟಿ ಮಾಡಿ, ತೋಳಿಗೆ ಬಿಳಿ ಪಟ್ಟಿ ಕಟ್ಟಿಸಿ, ಕೈಯಲ್ಲಿ ಬಂದೂಕು ಕೊಟ್ಟು ಬೀದಿಗೆ ಇಳಿಸಿದ. ಮನೆಮನೆಗೆ ಹೋಗಿ ಮುಷ್ಕರ ಮಾಡಿದವರನ್ನು, ಅವರ ಪರ ಇದ್ದವರನ್ನು ಎಳೆತಂದರು. ಇಬ್ಬರು ಸತ್ತರು: ಬಂಧಿಸಲು ಹೋದವನೊಬ್ಬ, ಬಂಧನಕ್ಕೆ ಒಪ್ಪದವನೊಬ್ಬ. ಉಳಿದವರನ್ನು ವಾರೆನ್ ಬೇಸ್‌ಬಾಲ್ ಮೈದಾನಕ್ಕೆ ನಡೆಸಿಕೊಂಡು ಹೋದರು. ಅಲ್ಲಿಂದ ಸುಮಾರು 1,200 ಗಂಡಸರನ್ನು ದನ ಸಾಗಿಸುವ ರೈಲು ಬೋಗಿಗಳಿಗೆ ತುಂಬಿದರು. ಜುಲೈ ತಿಂಗಳ ಮರುಭೂಮಿ. ನ್ಯೂ ಮೆಕ್ಸಿಕೋದ ಹರ್ಮಾನಾಸ್ ಎಂಬ ಜಾಗದಲ್ಲಿ ಇಳಿಸಿ, ವಾಪಸ್ ಬರಬೇಡಿ ಅಂದರು. ಕಡೆಗೆ ಕೊಲಂಬಸ್ ಅನ್ನುವ ಊರಿನ ಸೈನ್ಯದ ಶಿಬಿರದಲ್ಲಿ ಅವರಿಗೆ ಆಸರೆ ಸಿಕ್ಕಿತು. ಅಧ್ಯಕ್ಷರು ನೇಮಿಸಿದ ಆಯೋಗ ಇದು ಕಾನೂನುಬಾಹಿರ ಅಂದಿತು. ಆದರೆ ಶಿಕ್ಷೆ ಒಬ್ಬರಿಗೂ ಆಗಲಿಲ್ಲ. 1920ರಲ್ಲಿ ಸುಪ್ರೀಂ ಕೋರ್ಟ್ ಇದು ಕೇಂದ್ರ ಸರ್ಕಾರದ ಕೈಗೆ ಬರುವ ವಿಷಯ ಅಲ್ಲ, ರಾಜ್ಯ ನೋಡಿಕೊಳ್ಳಬೇಕು ಅಂದಿತು. ರಾಜ್ಯದಲ್ಲಿ ವಿಚಾರಣೆಗೆ ಬಂದ ಒಬ್ಬ ಆರೋಪಿಯನ್ನು ಜ್ಯೂರಿ ಬಿಟ್ಟುಬಿಟ್ಟಿತು.

ಇಷ್ಟೆಲ್ಲ ನಡೆದ ಊರಿನಲ್ಲಿ ಪ್ರವಾಸಿಗರಿಗೆ ಮೊದಲು ಕೇಳಿಸುವುದು ಕಿವಿಯಲ್ಲಿ ಪಿಸುಗುಡುವ ದೆವ್ವ. ಒಂದು ಪ್ರೇಮಭಂಗ, ಒಂದು ಆತ್ಮಹತ್ಯೆ, ಕಥೆ ಮುಗಿಯಿತು. ದೆವ್ವ ಯಾರನ್ನೂ ಹೆಸರು ಹಿಡಿದು ದೂರುವುದಿಲ್ಲ. ಹೋಟೆಲ್‌ಗೆ ಅನುಕೂಲ, ನಮಗೂ ಅನುಕೂಲ.

ಕೆಜಿಎಫ್ ಜೊತೆ ಯಾರಾದರೂ ಹೋಲಿಸುವ ಮೊದಲೇ ಹೇಳಿಬಿಡುತ್ತೇನೆ: ಅದಕ್ಕೆ ಬೇರೆ ಚರ್ಚೆ ನಡೀತಾ ಇದೆ, ಜಗಳ ಅಲ್ಲಿ ಆಡೋಣ.

ಮೂರನೇಮಹಡಿ

ತಾಮ್ರದಕಂಬಿ ಸರ್, ಓದಿ ಸುಮ್ಮನಾದೆ. ಆದರೆ ಒಂದು ಮಾತು. ಹೋಟೆಲ್ ಅಂದರೆ ಶಾಲೆ ಅಲ್ಲ. ಗಣಿ ಮುಚ್ಚಿದ ಮೇಲೆ ಇಂಥ ಊರುಗಳಿಗೆ ಬೇರೆ ಆದಾಯ ಏನಿದೆ? ಬಿಸ್ಬಿಯ ತೆರೆದ ಗಣಿ 1974ರಲ್ಲಿ ನಿಂತಿತು, ಸುರಂಗದ ಗಣಿ 1975ರಲ್ಲಿ. ಮನೆಗಳು ಕವಡೆ ಕಾಸಿಗೆ ಮಾರಾಟವಾದವು. ಕಲಾವಿದರು, ಹಿಪ್ಪಿಗಳು ಬಂದು ಕೊಂಡರು. ಆ ಮೇಲೆ ಪ್ರವಾಸಿಗರು ಬಂದರು. ದೆವ್ವ ನೋಡಲು ಬಂದವರ ದುಡ್ಡಿನಲ್ಲೇ ಆ ಹೋಟೆಲ್‌ನ ಸೂರು ರಿಪೇರಿ ಆಗುವುದು. ಸೂರು ಹೋದರೆ ನೀವು ಹೇಳುವ ಚರಿತ್ರೆಯೂ ಹೋಗುತ್ತದೆ, ಅಲ್ವಾ?

ಕಲ್ಲುದಾರಿ

ಊರಿನವರು 1917 ಅನ್ನು ಮುಚ್ಚಿಟ್ಟಿದ್ದಾರೆ ಅಂತ ಯಾರೂ ತಿಳಿಯಬಾರದು. ಬಹಳ ಕಾಲ ಆ ಬಗ್ಗೆ ಮಾತಾಡುತ್ತಿರಲಿಲ್ಲ, ಅದು ನಿಜ. ಎರಡೂ ಕಡೆಯವರ ಮೊಮ್ಮಕ್ಕಳು ಅದೇ ಬೀದಿಯಲ್ಲಿ ಇದ್ದರು. ಆದರೆ 2017ರಲ್ಲಿ, ನೂರು ವರ್ಷ ತುಂಬಿದಾಗ, ಊರಿನ ಜನರೇ ಸೇರಿ ಅದೇ ಬೀದಿಗಳಲ್ಲಿ ಆ ದಿನವನ್ನು ಮತ್ತೆ ಅಭಿನಯಿಸಿದರು. ಕೆಲವರು ಮುಷ್ಕರದವರಾದರು, ಕೆಲವರು ಬಿಳಿ ಪಟ್ಟಿ ಕಟ್ಟಿಕೊಂಡರು. ಮ್ಯೂಸಿಯಂನಲ್ಲೂ ಈ ಗಡಿಪಾರಿನ ಬಗ್ಗೆ ಇದೆ. ಹೋಟೆಲ್‌ನಿಂದ ಎರಡು ಹೆಜ್ಜೆ. ಹೋಗಿ ನೋಡದಿದ್ದರೆ ತಪ್ಪು ನೋಡದವರದು.

ತಾಮ್ರದಕಂಬಿ

ಒಪ್ಪುತ್ತೇನೆ, ಊರಿನ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಅಂಥ ಹೋಟೆಲ್‌ಗಳ ಬಗ್ಗೆ ಇಂಟರ್‌ನೆಟ್‌ನಲ್ಲಿ ಬರೆಯುವವರ ಮೇಲೆ. ನೂರು ಲೇಖನ ಓದಿದರೆ ತೊಂಬತ್ತರಲ್ಲಿ ದೆವ್ವ. ಮುಷ್ಕರ ಹುಡುಕಬೇಕು.

ಹಳೇಬೀಗ ಅವರೇ, ನನ್ನ ಸಲಹೆ ಇದು. ಅಲ್ಲೇ ಉಳಿಯಿರಿ. ಆ ಕಾಲದ ಅಧಿಕಾರಿಗಳು ಜಗುಲಿಯಲ್ಲಿ ಕೂತು ಊರನ್ನು ಎಲ್ಲಿಂದ ನೋಡುತ್ತಿದ್ದರೋ ಅಲ್ಲಿಂದಲೇ ನೋಡಿ. ಆಮೇಲೆ ಇಳಿದು ಹೋಗಿ. ಮೊದಲು ಮ್ಯೂಸಿಯಂ. ಆಮೇಲೆ ಮೇನ್ ಸ್ಟ್ರೀಟ್‌ನಲ್ಲಿ ಕಾಪರ್ ಕ್ವೀನ್ ಲೈಬ್ರರಿ. 1882ರಿಂದ ನಡೆದುಬಂದ ಲೈಬ್ರರಿ ಅದು, 2019ರಲ್ಲಿ ಅಮೆರಿಕದ ಅತ್ಯುತ್ತಮ ಸಣ್ಣ ಲೈಬ್ರರಿ ಅಂತ ಪ್ರಶಸ್ತಿ ಬಂತು. ಕೆಳಗೆ ಪೋಸ್ಟ್ ಆಫೀಸ್, ಮೇಲೆ ಲೈಬ್ರರಿ. ಅಲ್ಲಿಂದ ಕಾರು ತಗೊಂಡು ಲ್ಯಾವೆಂಡರ್ ಪಿಟ್. ಕಂಪನಿಯ ಮ್ಯಾನೇಜರ್ ಹ್ಯಾರಿಸನ್ ಲ್ಯಾವೆಂಡರ್ ಹೆಸರಿನ ತೆರೆದ ಗಣಿ. ಸುಮಾರು 300 ಎಕರೆ, 900 ಅಡಿ ಆಳ. ರಸ್ತೆ ಪಕ್ಕದಲ್ಲೇ ಬೇಲಿ ಹಿಡಿದು ನಿಂತು ನೋಡಬಹುದು. ಕೆಂಪು, ಕಂದು, ಹಳದಿ ಪದರಗಳು. ಆ ಗುಂಡಿ ಇರುವ ಜಾಗದಲ್ಲಿ ಮೊದಲು ಲೋವೆಲ್ ಅನ್ನುವ ಬಡಾವಣೆ ಇತ್ತು. ಗಣಿ ಅಗಲವಾದಂತೆ ಅದರ ಮನೆಗಳೆಲ್ಲ ಹೋದವು. ಒಂದು ಚೂರು ಬೀದಿ ಮಾತ್ರ ಉಳಿದಿದೆ, ಈಗ ಅಲ್ಲಿ ಹಳೇ ಕಾರುಗಳನ್ನು ನಿಲ್ಲಿಸಿ 1950ರ ದಶಕದ ಹಾಗೆ ಇಟ್ಟಿದ್ದಾರೆ.

ಕೊನೆಗೆ ವಾರೆನ್ ಮೈದಾನ. 1909ರಲ್ಲಿ ಕಟ್ಟಿದ್ದು, ಈಗಲೂ ಅಲ್ಲಿ ಬೇಸ್‌ಬಾಲ್ ಆಡುತ್ತಾರೆ. ಮಗನಿಗೆ ಎಷ್ಟು ಹೇಳಬೇಕು ಅನ್ನುವುದು ನಿಮಗೆ ಬಿಟ್ಟಿದ್ದು.

ಬೆಟ್ಟದಂಚು

ಜೆರೋಮ್ ಗ್ರ್ಯಾಂಡ್ ಹೋಟೆಲ್ ಯಾರೂ ಹೇಳಲಿಲ್ಲ. ಅರಿಜೋನಾದಲ್ಲೇ ಇದೆ, ಬಿಸ್ಬಿಗೆ ತುಂಬಾ ದೂರ, ಉತ್ತರಕ್ಕೆ. ಅದು ಹೋಟೆಲ್ ಆಗಿ ಕಟ್ಟಿದ್ದೇ ಅಲ್ಲ. 1920ರ ದಶಕದಲ್ಲಿ ಕಟ್ಟಿದ ಗಣಿ ಕಂಪನಿಯ ಆಸ್ಪತ್ರೆ. ಜೆರೋಮ್ ಇರುವುದು ಕಡಿದಾದ ಬೆಟ್ಟದ ಮೇಲೆ, ಕೆಳಗೆ ಮೈಲಿಗಟ್ಟಲೆ ಸುರಂಗ. ಸಿಡಿಮದ್ದಿಗೆ ನೆಲ ಸಡಿಲವಾಗಿ ಕಟ್ಟಡಗಳು ಜಾರುತ್ತಿದ್ದವು. ಅಲ್ಲಿನ ಜೈಲು ಜಾರಿ ಜಾರಿ ರಸ್ತೆ ಆಚೆಗೆ ಬಂದು ಕೂತಿದೆ, ಸುಮಾರು 225 ಅಡಿ ದೂರ. ಆದ್ದರಿಂದಲೇ ಆಸ್ಪತ್ರೆಯನ್ನು ಗಟ್ಟಿ ಕಾಂಕ್ರೀಟಿನಲ್ಲಿ ಕಟ್ಟಿದರು. 1950ರಲ್ಲಿ ಮುಚ್ಚಿತು. ದಶಕಗಳ ಕಾಲ ಖಾಲಿ ಇತ್ತು. 1990ರ ದಶಕದಲ್ಲಿ ಹೋಟೆಲ್ ಆಯಿತು. ಹಳೇ ಓಟಿಸ್ ಲಿಫ್ಟ್ ಈಗಲೂ ಇದೆ.

ತಾಮ್ರದಕಂಬಿಯವರ ಮಾತು ಇಲ್ಲಿಗೆ ಉಲ್ಟಾ ಅನ್ವಯಿಸುತ್ತದೆ. ಗಾಯಗೊಂಡ ಗಣಿ ಕಾರ್ಮಿಕರು ಮಲಗಿದ್ದ ವಾರ್ಡುಗಳಲ್ಲಿ ಈಗ ಪ್ರವಾಸಿಗರು ಮಲಗುತ್ತಾರೆ. ನನಗೆ ಧಣಿಗಳ ಹೋಟೆಲ್‌ಗಿಂತ ಇದು ಜಾಸ್ತಿ ಕಾಡಿತು. ದೆವ್ವದ ಕಥೆ ಇಲ್ಲೂ ಇದೆ, ಬೇಕಾದಷ್ಟು. ಕಿಟಕಿಯಿಂದ ವರ್ಡೆ ಕಣಿವೆ ಪೂರ್ತಿ ಕಾಣಿಸುತ್ತದೆ, ಅದಕ್ಕಾದರೂ ಹೋಗಿ.

ಕೆಂಪುಮಣ್ಣು

ಆಸ್ಟ್ರೇಲಿಯಾ ಕಡೆಯಿಂದ ಒಂದು ಸೇರಿಸುತ್ತೇನೆ. ಬ್ರೋಕನ್ ಹಿಲ್‌ನ ಪ್ಯಾಲೇಸ್ ಹೋಟೆಲ್. 1889ರಲ್ಲಿ ಕುಡಿತದ ವಿರೋಧಿಗಳು ಕಾಫಿ ಕುಡಿಯುವ ಅರಮನೆ ಅಂತ ಕಟ್ಟಿಸಿದ್ದು. ಬೆಳ್ಳಿ ಗಣಿಯ ಊರಲ್ಲಿ ಬರೀ ಕಾಫಿ! ನಡೆಯಲಿಲ್ಲ, ಕೆಲವೇ ವರ್ಷದಲ್ಲಿ ಬಾರ್ ಬಂತು. ಆಮೇಲೆ ಯಾವಾಗಲೋ ಗೋಡೆ, ಮಾಡು, ಮೆಟ್ಟಿಲು ಎಲ್ಲ ಕಡೆ ಚಿತ್ರ ಬರೆದರು. ಕಾಡು, ನದಿ, ಜಲಪಾತ. ಹೊರಗೆ ಒಣಭೂಮಿ, ಒಳಗೆ ಹಸಿರು.

ಆ ಊರಲ್ಲಿ ಬೀದಿಗಳ ಹೆಸರೇ ಖನಿಜಗಳದ್ದು: ಆರ್ಜೆಂಟ್, ಸಲ್ಫೈಡ್, ಕ್ಲೋರೈಡ್, ಆಕ್ಸೈಡ್. ಹೋಟೆಲ್ ಇರುವುದು ಆರ್ಜೆಂಟ್ ಮತ್ತು ಸಲ್ಫೈಡ್ ಬೀದಿ ಸೇರುವ ಮೂಲೆಯಲ್ಲಿ. ಅಲ್ಲಿ ಕಾರ್ಮಿಕರ ಕಥೆ ಹುಡುಕಬೇಕಾಗಿಲ್ಲ. ಊರಿನ ನಡುವೆ ಗಣಿ ತ್ಯಾಜ್ಯದ ಗುಡ್ಡ ಇದೆ, ಅದರ ಮೇಲೆ ಸ್ಮಾರಕ. ಗಣಿಯಲ್ಲಿ ಸತ್ತ 800ಕ್ಕೂ ಹೆಚ್ಚು ಜನರ ಹೆಸರು, ಹೇಗೆ ಸತ್ತರು ಅನ್ನುವುದರ ಸಮೇತ. 1919–20ರ ದೊಡ್ಡ ಮುಷ್ಕರದಲ್ಲಿ ಅಲ್ಲಿಯವರು ವಾರಕ್ಕೆ 35 ಗಂಟೆ ಕೆಲಸ ಗೆದ್ದರು. ಬಿಸ್ಬಿಯಲ್ಲಿ ಸೋತರು. ಎರಡು ಊರುಗಳು ತಮ್ಮ ಕಥೆ ಹೇಳುವ ರೀತಿ ಬೇರೆಯಾಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ಹೋಗುವವರು ಗಡಿಯಾರ ನೋಡಿಕೊಳ್ಳಿ. ಬ್ರೋಕನ್ ಹಿಲ್ ಇರುವುದು ನ್ಯೂ ಸೌತ್ ವೇಲ್ಸ್‌ನಲ್ಲಿ, ಸಮಯ ಮಾತ್ರ ಸೌತ್ ಆಸ್ಟ್ರೇಲಿಯಾದ್ದು.

ನಿದ್ದೆಗೇಡಿ

ಇಷ್ಟೆಲ್ಲ ಓದಿದ ಮೇಲೂ ನನ್ನ ಮತ ಬದಲಾಗಿಲ್ಲ. ಆದರೆ ಬೇಡ ಅಂದವರ ಕಡೆಯಿಂದ ಒಂದು ಉಪಕಾರ ಮಾಡುತ್ತೇನೆ. ಹೋಗಲೇಬೇಕು ಅಂದರೆ ಕಿವಿಗೆ ಇಟ್ಟುಕೊಳ್ಳುವ ಬೂಚು, ಉದ್ದದ ಎಕ್ಸ್‌ಟೆನ್ಷನ್ ಕಾರ್ಡ್ ತಗೊಂಡು ಹೋಗಿ. ಹಳೇ ರೂಮಲ್ಲಿ ಪ್ಲಗ್ ಪಾಯಿಂಟ್ ಯಾವಾಗಲೂ ಮಂಚದ ಎದುರು ಗೋಡೆಯಲ್ಲೇ ಇರುತ್ತದೆ. ಶುಕ್ರವಾರ, ಶನಿವಾರ ಬಿಟ್ಟು ವಾರದ ನಡುವೆ ಹೋಗಿ, ಕೆಳಗಿನ ಬಾರಿನ ಸಂಗೀತ ಇರುವುದಿಲ್ಲ.

ಹಳೇಬೀಗ

ಹೆಂಡತಿ ಒಪ್ಪಿದಳು! ದೆವ್ವಕ್ಕಲ್ಲ, ಸುರಂಗಕ್ಕೂ ಅಲ್ಲ, ಲೈಬ್ರರಿಗೆ. ಫೋನ್ ಮಾಡಿ ಕೇಳಿ ಮಂಗಳವಾರಕ್ಕೆ ಕೆಳಗಿನ ಮಹಡಿಯಲ್ಲಿ ಎರಡು ರೂಮು ಹಿಡಿದೆ. ಅತ್ತೆಗೆ 1917ರ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ, ಆ ಗಂಡಸರ ಹೆಂಡತಿ ಮಕ್ಕಳ ಗತಿ ಏನಾಯ್ತು ಅಂತ.

ಈಗ ಗಣಿ ಟೂರ್ ಬಗ್ಗೆ ಹೇಳಿ. ಏಳು ವರ್ಷದವನನ್ನು ಬಿಡುತ್ತಾರಾ? ಅತ್ತೆ ಬರಬಹುದಾ?

ಕಲ್ಲುದಾರಿ

ಅತ್ತೆಯವರ ಪ್ರಶ್ನೆ ಸರಿಯಾದ ಪ್ರಶ್ನೆ. ಹೆಂಗಸರು ಮಕ್ಕಳನ್ನು ರೈಲಿಗೆ ಹತ್ತಿಸಲಿಲ್ಲ. ಅವರು ಬಿಸ್ಬಿಯಲ್ಲೇ ಉಳಿದರು, ದುಡಿಯುವವರು ಇಲ್ಲದೆ. ಎಷ್ಟೋ ಕುಟುಂಬಗಳು ಆಮೇಲೆ ಊರು ಬಿಟ್ಟವು.

ಗಣಿ ಟೂರ್: ಮಗನನ್ನು ಬಿಡುತ್ತಾರೆ, ತೀರಾ ಚಿಕ್ಕ ಮಕ್ಕಳನ್ನು ಮಾತ್ರ ಬಿಡುವುದಿಲ್ಲ. 1976ರಿಂದ ನಡೆಯುತ್ತಿದೆ. ಗಣಿ ಮುಚ್ಚಿದ ಮರುವರ್ಷವೇ ಊರಿನವರು ಇದನ್ನು ಶುರು ಮಾಡಿದರು. ಮೊದಲು ಗಣಿಯಲ್ಲಿ ದುಡಿದವರೇ ಗೈಡ್‌ಗಳಾಗಿದ್ದರು. ತಲೆಗೆ ಹೆಲ್ಮೆಟ್, ದೀಪ, ಮೈಗೆ ಹಳದಿ ಕೋಟು ಕೊಡುತ್ತಾರೆ. ಚಿಕ್ಕ ರೈಲಿನ ಬೆಂಚಿನ ಮೇಲೆ ಕುದುರೆ ಸವಾರಿಯ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರಬೇಕು. ಸೀರೆಯಲ್ಲಿ ಆಗುವ ಕೆಲಸ ಅಲ್ಲ. ಬೆಟ್ಟದೊಳಗೆ 1,500 ಅಡಿ ಹೋಗುತ್ತೀರಿ. ಒಳಗೆ ವರ್ಷಪೂರ್ತಿ 47 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8 ಸೆಲ್ಸಿಯಸ್ ಹತ್ತಿರ. ಹೊರಗೆ ಎಷ್ಟೇ ಬಿಸಿಲಿದ್ದರೂ ಸ್ವೆಟರ್ ಬೇಕು. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಮುಚ್ಚಿದ ಜಾಗದ ಭಯ ಇದ್ದರೆ ಬೇಡ. ಮಂಡಿ ನೋವಿಗೂ ಬೇಡ ಅನ್ನುತ್ತೇನೆ. ಅತ್ತೆಯವರು ಆ ಹೊತ್ತು ಹೋಟೆಲ್ ಜಗುಲಿಯಲ್ಲಿ ಕೂತಿರಲಿ. ಸೀಟು ಮೊದಲೇ ಕಾದಿರಿಸಿ.

ಅಕ್ಟೋಬರ್‌ನಲ್ಲೇ ಅಲ್ಲಿ ಸಾವಿರ ಮೆಟ್ಟಿಲಿನ ಓಟ ಕೂಡ ಇರುತ್ತದೆ. ಊರಿನ ಹಳೇ ಮೆಟ್ಟಿಲು ಸಾಲುಗಳನ್ನು ಹತ್ತಿ ಇಳಿಯುತ್ತಾ ನಾಲ್ಕೂವರೆ ಮೈಲಿ. ಆ ವಾರಾಂತ್ಯ ರೂಮು ಸಿಗುವುದಿಲ್ಲ, ನೀವು ಮಂಗಳವಾರ ಆದ್ದರಿಂದ ಚಿಂತೆ ಇಲ್ಲ.

ಇಟ್ಟಿಗೆಗಾರೆ

ಸಮಯ ಉಳಿದರೆ ಡಗ್ಲಸ್‌ವರೆಗೂ ಹೋಗಿ, ಹತ್ತಿರವೇ. ಬಿಸ್ಬಿಯ ಕಣಿವೆಯಲ್ಲಿ ಅದಿರು ಕರಗಿಸುವ ಕುಲುಮೆಗೆ ಜಾಗ ಸಾಲಲಿಲ್ಲ, ಹೊಗೆ ಬೇರೆ. ಕಂಪನಿ ಕುಲುಮೆಯನ್ನು ಡಗ್ಲಸ್‌ಗೆ ಸಾಗಿಸಿತು. ಅಲ್ಲಿನ ಗ್ಯಾಡ್ಸ್‌ಡನ್ ಹೋಟೆಲ್ 1907ರಲ್ಲಿ ಶುರುವಾಗಿ, ಸುಟ್ಟು, 1929ರಲ್ಲಿ ಮತ್ತೆ ಎದ್ದಿತು. ಲಾಬಿಯ ಅಮೃತಶಿಲೆ ಮೆಟ್ಟಿಲು, ಬಣ್ಣದ ಗಾಜು ನೋಡುವುದಕ್ಕೇ ಹೋಗಬಹುದು. ಕಾಫಿ ಕುಡಿದು ಬನ್ನಿ, ಉಳಿಯಬೇಕಾಗಿಲ್ಲ.

ಬೆಟ್ಟದಂಚು

ಯಾರೂ ಹೇಳದ ಒಂದು ಮುಖ್ಯ ವಿಷಯ. ಬಿಸ್ಬಿ ಮೆಕ್ಸಿಕೋ ಗಡಿಯಿಂದ ಸುಮಾರು 10 ಮೈಲಿ ಅಷ್ಟೇ. ಟೂಸಾನ್ ಕಡೆ ವಾಪಸ್ ಬರುವ ರಸ್ತೆಗಳಲ್ಲಿ ಬಾರ್ಡರ್ ಪೆಟ್ರೋಲ್‌ನವರು ಕಾರು ನಿಲ್ಲಿಸಿ ಕೇಳಬಹುದು. ಅಮೆರಿಕದ ನಾಗರಿಕರಲ್ಲದ, 18 ದಾಟಿದ ಎಲ್ಲರೂ ದಾಖಲೆ ಜೊತೆಗೆ ಇಟ್ಟುಕೊಳ್ಳಬೇಕು ಅನ್ನುವುದು ಕಾನೂನು. ಗ್ರೀನ್ ಕಾರ್ಡ್ ಇದ್ದವರು ಅದನ್ನು, ವೀಸಾದವರು ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕಕ್ಕೆ ಬಂದದ್ದರ ದಾಖಲೆ) ಪ್ರಿಂಟ್. ಅತ್ತೆಯವರ ಪಾಸ್‌ಪೋರ್ಟ್ ಮನೆ ಬೀರುವಿನಲ್ಲಿ ಬಿಟ್ಟು ಬರಬೇಡಿ.

ಹಳೇಬೀಗ

ಅಯ್ಯೋ, ಇದು ತಲೆಗೇ ಹೊಳೆದಿರಲಿಲ್ಲ. ಐ-94 ಈಗಲೇ ಪ್ರಿಂಟ್ ತೆಗೆಯುತ್ತೇನೆ. ಹೋಗಿ ಬಂದ ಮೇಲೆ ರೂಮು ಹೇಗಿತ್ತು ಅಂತ ಇಲ್ಲೇ ಬರೆಯುತ್ತೇನೆ. ನಿದ್ದೆಗೇಡಿಯವರೇ, ಮಗ ಚೆಂಡು ಪ್ಯಾಕ್ ಮಾಡಿಕೊಂಡಿದ್ದಾನೆ.